ಕ್ಯಾಸೆಟ್ಟಿನೊಳಗಿನ ನೆನಪನ್ನು ಉಳಿಸೋಣ
ಹಳೆಯ ವಿಡಿಯೋ ಟೇಪು ಡಿಜಿಟಲ್ ಆಗುವುದು ಹೇಗೆ?



ನಿಮ್ಮ ಮನೆಯ ಅಟ್ಟದ ಮೇಲೋ, ಅಜ್ಜಿಯ ಟ್ರಂಕಿನಲ್ಲೋ, ಬೀರುವಿನ ಕೆಳಗಿನ ಖಾನೆಯಲ್ಲೋ ದಪ್ಪ ಪುಸ್ತಕದ ಗಾತ್ರದ ಕಪ್ಪು ಪ್ಲಾಸ್ಟಿಕ್ ಡಬ್ಬಿ ಇದೆಯೇ ಹುಡುಕಿ ನೋಡಿ. ಅದರ ಮೇಲೆ ಎರಡು ಚಿಕ್ಕ ಕಿಟಕಿಗಳಿರುತ್ತವೆ. ಕಿಟಕಿಯೊಳಗೆ ಕಂದುಗಪ್ಪು ಬಣ್ಣದ ಪಟ್ಟಿಯ ಸುರುಳಿ ಕಾಣುತ್ತದೆ. ಅದೇ ವಿಡಿಯೋ ಕ್ಯಾಸೆಟ್. 1980 ಮತ್ತು 1990ರ ದಶಕಗಳಲ್ಲಿ ಮದುವೆ, ಗೃಹಪ್ರವೇಶ, ನಾಮಕರಣ, ಊರ ಜಾತ್ರೆ, ಶಾಲಾ ವಾರ್ಷಿಕೋತ್ಸವಗಳನ್ನು ಜನ ಇಂಥ ಕ್ಯಾಸೆಟ್ಟುಗಳಲ್ಲಿ ದಾಖಲಿಸಿಕೊಳ್ಳುತ್ತಿದ್ದರು. ನಿಮ್ಮ ತಂದೆ ತಾಯಿಯರ ಮದುವೆಯೋ, ಚಿಕ್ಕಪ್ಪ ಅತ್ತೆಯರ ಮದುವೆಯೋ ಅದರಲ್ಲಿ ಇದ್ದರೂ ಇರಬಹುದು.

ಆ ಪಟ್ಟಿಯಲ್ಲಿರುವುದು ಬರೀ ಚಿತ್ರವಲ್ಲ. ಈಗ ನಮ್ಮೊಡನೆ ಇಲ್ಲದ ಮುತ್ತಜ್ಜಿಯೊಬ್ಬರು ಹಸೆಮಣೆಯ ಪಕ್ಕದಲ್ಲಿ ಕುಳಿತು ಹೇಳಿದ ಸೋಬಾನೆ ಪದ ಅದರಲ್ಲಿರಬಹುದು. ಆ ಪದವನ್ನು ಯಾರೂ ಪುಸ್ತಕದಲ್ಲಿ ಬರೆದಿಟ್ಟಿರಲಿಕ್ಕಿಲ್ಲ. ಆ ದನಿ ಬೇರೆಲ್ಲೂ ಉಳಿದಿರಲಿಕ್ಕಿಲ್ಲ. ಆದರೆ ಕ್ಯಾಸೆಟ್ಟಿಗೂ ವಯಸ್ಸಾಗುತ್ತದೆ. ಹಳೆಯದಾದಂತೆ ಅದು ದುರ್ಬಲವಾಗುತ್ತದೆ. ಕೆಲವು ಕ್ಯಾಸೆಟ್ಟುಗಳನ್ನು ಇನ್ನು ಒಮ್ಮೆ ಮಾತ್ರ ಓಡಿಸಲು ಸಾಧ್ಯ. ಆ ಒಂದು ಓಟದಲ್ಲೇ ಅದರ ಚಿತ್ರ ಮತ್ತು ಧ್ವನಿಯನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು. ಅದಕ್ಕಾಗಿ ಟೇಪಿನ ವಿಜ್ಞಾನವನ್ನು ಮೊದಲು ತಿಳಿಯೋಣ. ಏನು ಮಾಡಬೇಕು, ಏನು ಮಾಡಬಾರದು ಎಂಬುದು ಆಗ ತಾನಾಗಿಯೇ ಅರ್ಥವಾಗುತ್ತದೆ.

ಟೇಪಿನಲ್ಲಿ ಏನಿದೆ?

ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿದ್ದದ್ದು ವಿ.ಎಚ್.ಎಸ್. ಎಂಬ ಜಾತಿಯ ಕ್ಯಾಸೆಟ್. ಜಪಾನಿನ ಜೆ.ವಿ.ಸಿ. ಕಂಪನಿ ಇದನ್ನು 1976ರಲ್ಲಿ ಹೊರತಂದಿತು. ಇದರ ಟೇಪಿನ ಅಗಲ 12.7 ಮಿಲಿಮೀಟರ್, ಅಂದರೆ ಅರ್ಧ ಇಂಚು. ದಪ್ಪ ಸುಮಾರು 0.02 ಮಿಲಿಮೀಟರ್ ಮಾತ್ರ. ಇಂಥ 50 ಪದರಗಳನ್ನು ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ! ನಿಮ್ಮ ತಲೆಗೂದಲು ಕೂಡ ಇದಕ್ಕಿಂತ ದಪ್ಪ.

ಇಷ್ಟು ತೆಳುವಾದ ಪಟ್ಟಿಯಲ್ಲಿ ಮುಖ್ಯವಾಗಿ ಮೂರು ವಸ್ತುಗಳಿವೆ.

1. ಆಧಾರ ಪಟ್ಟಿ: ಇದು ಪಾಲಿಯೆಸ್ಟರ್ ಎಂಬ ಪ್ಲಾಸ್ಟಿಕ್ಕಿನದು. ಗಟ್ಟಿಯಾದದ್ದು, ಬೇಗ ಹರಿಯುವುದಿಲ್ಲ. ಆದರೆ ಜೋರಾಗಿ ಎಳೆದರೆ ಹಿಗ್ಗುತ್ತದೆ. ಹಿಗ್ಗಿದ್ದು ಮತ್ತೆ ಮೊದಲಿನಂತಾಗುವುದಿಲ್ಲ.

2. ಕಣಗಳು: ಕಬ್ಬಿಣದ ಆಕ್ಸೈಡಿನ ಅತಿ ಸಣ್ಣ ಕಣಗಳು. ತುಕ್ಕಿನ ಹತ್ತಿರದ ಬಂಧುಗಳು ಎನ್ನಬಹುದು. ಚಿತ್ರವನ್ನು ನೆನಪಿಡುವುದು ಇವೇ.

3. ಅಂಟು: ಕಣಗಳನ್ನು ಪಟ್ಟಿಗೆ ಹಿಡಿದಿಡುವ ಪದರ. ಟೇಪಿಗೆ ಬರುವ ಕಾಯಿಲೆಗಳಲ್ಲಿ ಹಲವು ಶುರುವಾಗುವುದು ಇಲ್ಲಿಂದಲೇ.

ಕಬ್ಬಿಣದ ಕಣಕ್ಕೆ ನೆನಪಿನ ಶಕ್ತಿ ಎಲ್ಲಿಂದ ಬಂತು?

ಮನೆ ಕಟ್ಟಲು ತಂದು ಹಾಕಿದ ಮರಳಿನ ರಾಶಿಯಲ್ಲಿ ಅಯಸ್ಕಾಂತವನ್ನು ಆಡಿಸಿದ್ದೀರಾ? ಕಪ್ಪು ಕಣಗಳು ಮೀಸೆಯಂತೆ ಅದಕ್ಕೆ ಅಂಟಿಕೊಳ್ಳುತ್ತವೆ. ಅವು ಕೂಡ ಕಬ್ಬಿಣದ ಆಕ್ಸೈಡಿನ ಕಣಗಳೇ. ಕಬ್ಬಿಣದ ಕೆಲವು ಸಂಯುಕ್ತಗಳಿಗೆ ಅಯಸ್ಕಾಂತವಾಗುವ ಗುಣವಿದೆ. ಒಮ್ಮೆ ಅಯಸ್ಕಾಂತವಾದ ಮೇಲೆ ಆ ಸ್ಥಿತಿಯಲ್ಲೇ ಉಳಿಯುವ ಗುಣವೂ ಇದೆ.

ಮಾಡಿ ನೋಡಿ – 1
ಬೇಕಾಗುವ ವಸ್ತುಗಳು: ಹೊಲಿಗೆ ಸೂಜಿ, ಅಯಸ್ಕಾಂತ, ಗುಂಡುಪಿನ್ನುಗಳು.
ಸೂಜಿಯನ್ನು ಗುಂಡುಪಿನ್ನಿನ ಹತ್ತಿರ ತನ್ನಿ. ಏನೂ ಆಗುವುದಿಲ್ಲ. ಈಗ ಅಯಸ್ಕಾಂತದ ಒಂದು ತುದಿಯಿಂದ ಸೂಜಿಯನ್ನು ಒಂದೇ ದಿಕ್ಕಿಗೆ 30 ಬಾರಿ ಉಜ್ಜಿ. ಮತ್ತೆ ಗುಂಡುಪಿನ್ನಿನ ಹತ್ತಿರ ತನ್ನಿ. ಸೂಜಿ ಪಿನ್ನನ್ನು ಎಳೆದುಕೊಳ್ಳುತ್ತದೆ. ಅಯಸ್ಕಾಂತವನ್ನು ದೂರ ಇಟ್ಟ ಮೇಲೂ ಸೂಜಿಗೆ ಅದರ ನೆನಪು ಉಳಿದಿದೆ! ಈಗ ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕಲ್ಲಿನ ಮೇಲೆ ಹತ್ತಾರು ಬಾರಿ ಬಡಿದು ಮತ್ತೆ ಪರೀಕ್ಷಿಸಿ. ಎಳೆಯುವ ಬಲ ಕಡಿಮೆಯಾಗಿದೆಯೇ? (ಸೂಜಿಯ ಮೊನೆ ಚುಚ್ಚದಂತೆ ಎಚ್ಚರವಹಿಸಿ.)

ವಿಡಿಯೋ ಟೇಪಿನಲ್ಲಿಯೂ ನಡೆಯುವುದು ಇದೇ. ಕ್ಯಾಮೆರಾ ಚಿತ್ರವನ್ನು ಏರಿಳಿಯುವ ವಿದ್ಯುತ್ತನ್ನಾಗಿ ಮಾಡುತ್ತದೆ. ಆ ವಿದ್ಯುತ್ತು 'ಹೆಡ್' ಎಂಬ ಪುಟ್ಟ ವಿದ್ಯುತ್ಕಾಂತಕ್ಕೆ ಬರುತ್ತದೆ. ಹೆಡ್ಡಿನ ಮುಂದೆ ಹಾದುಹೋಗುವ ಕಣಗಳು ಅದಕ್ಕೆ ತಕ್ಕಂತೆ ಅಯಸ್ಕಾಂತಗಳಾಗುತ್ತವೆ. ನೋಡುವಾಗ ಇದರ ತಿರುವುಮುರುವು ನಡೆಯುತ್ತದೆ. ಅಯಸ್ಕಾಂತವಾದ ಕಣಗಳು ಹೆಡ್ಡಿನ ಮುಂದೆ ಓಡಿದಾಗ ಅದರ ತಂತಿಯ ಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಚಲಿಸುವ ಅಯಸ್ಕಾಂತದಿಂದ ವಿದ್ಯುತ್ತು ಹುಟ್ಟುತ್ತದೆ ಎಂದು ಮೈಕೆಲ್ ಫ್ಯಾರಡೆ 1831ರಲ್ಲೇ ತೋರಿಸಿಕೊಟ್ಟಿದ್ದರು. ಸೈಕಲ್ಲಿನ ಡೈನಮೋ ಕೆಲಸ ಮಾಡುವುದೂ ಇದೇ ತತ್ತ್ವದಿಂದ.

ಓರೆಗೆರೆಗಳ ಜಾಣತನ

ಚಲಿಸುವ ಚಿತ್ರದಲ್ಲಿ ಮಾಹಿತಿ ಬಹಳ. ಅದನ್ನು ಬರೆಯಲು ಟೇಪು ಹೆಡ್ಡಿನ ಮುಂದೆ ಬಹಳ ವೇಗವಾಗಿ ಓಡಬೇಕು. ಆದರೆ ಕ್ಯಾಸೆಟ್ಟಿನಲ್ಲಿ ಟೇಪು ಮುಂದೆ ಸಾಗುವುದು ಸೆಕೆಂಡಿಗೆ ಕೇವಲ 2.34 ಸೆಂಟಿಮೀಟರ್. ಇರುವೆಯ ನಡಿಗೆಯಷ್ಟು ಎನ್ನಬಹುದು. ಹಾಗಾದರೆ ಇದು ಹೇಗೆ ಸಾಧ್ಯ?

ಇದಕ್ಕೆ ಎಂಜಿನಿಯರುಗಳು ಒಂದು ಉಪಾಯ ಹೂಡಿದರು. ಟೇಪು ನಿಧಾನವಾಗಿ ಹೋಗಲಿ, ಹೆಡ್ಡೇ ವೇಗವಾಗಿ ತಿರುಗಲಿ ಎಂದರು. ಕ್ಯಾಸೆಟ್ ಓಡಿಸುವ ಯಂತ್ರಕ್ಕೆ ವಿ.ಸಿ.ಆರ್. ಎಂದು ಹೆಸರು. ಅದರೊಳಗೆ 6.2 ಸೆಂಟಿಮೀಟರ್ ವ್ಯಾಸದ, ಹೊಳೆಯುವ ಒಂದು ಡ್ರಮ್ ಇದೆ. ಹೆಡ್ಡುಗಳಿರುವುದು ಅದರಲ್ಲಿ. ನಮ್ಮ ದೇಶದ ಪಾಲ್ ಪದ್ಧತಿಯಲ್ಲಿ ಅದು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಆಗ ಹೆಡ್ಡು ಟೇಪಿನ ಮೇಲೆ ಸೆಕೆಂಡಿಗೆ ಸುಮಾರು 4.87 ಮೀಟರ್ ವೇಗದಲ್ಲಿ ಹಾಯುತ್ತದೆ. ಇದು ಟೇಪಿನ ವೇಗದ 200 ಪಟ್ಟಿಗಿಂತ ಹೆಚ್ಚು! ಡ್ರಮ್ಮು ಸ್ವಲ್ಪ ವಾಲಿಕೊಂಡಿರುವುದರಿಂದ ಹೆಡ್ಡು ಟೇಪಿನ ಮೇಲೆ ಓರೆ ಓರೆಯಾಗಿ ಗೆರೆ ಎಳೆಯುತ್ತದೆ. ಈ ಉಪಾಯ ಇಲ್ಲದಿದ್ದರೆ ಮೂರು ಗಂಟೆಯ ಚಿತ್ರಕ್ಕೆ 52 ಕಿಲೋಮೀಟರ್ ಉದ್ದದ ಟೇಪು ಬೇಕಾಗುತ್ತಿತ್ತು. ಅಂದರೆ ಬೆಂಗಳೂರಿನಿಂದ ರಾಮನಗರದವರೆಗೆ ಹಾಸುವಷ್ಟು! ಓರೆಗೆರೆಗಳಿಂದಾಗಿ ಸುಮಾರು 250 ಮೀಟರ್ ಸಾಕಾಯಿತು.

ಒಂದೊಂದು ಓರೆಗೆರೆಯ ಅಗಲ ಸುಮಾರು 0.05 ಮಿಲಿಮೀಟರ್. ಅದರ ಮೇಲೆ ಒಂದು ಧೂಳಿನ ಕಣ ಕುಳಿತರೂ ಚಿತ್ರದಲ್ಲಿ ಬಿಳಿ ಗೀರು ಮಿಂಚಿ ಮಾಯವಾಗುತ್ತದೆ. ಇನ್ನು ಟೇಪಿನ ಒಂದು ಅಂಚಿನಲ್ಲಿ ಧ್ವನಿಯ ಗೆರೆ ಇರುತ್ತದೆ. ಇನ್ನೊಂದು ಅಂಚಿನಲ್ಲಿ, ಓರೆಗೆರೆಗಳು ಎಲ್ಲಿವೆ ಎಂದು ಯಂತ್ರಕ್ಕೆ ಸುಳಿವು ಕೊಡುವ ಗೆರೆ ಇರುತ್ತದೆ. ಆದ್ದರಿಂದ ಅಂಚು ಮಡಚಿಕೊಂಡರೆ ಧ್ವನಿ ಕೆಡಬಹುದು ಅಥವಾ ಚಿತ್ರ ಕುಣಿಯಬಹುದು. ಬೆರಳಿನಿಂದ ಟೇಪನ್ನು ಮುಟ್ಟಬಾರದು ಎನ್ನುವುದು ಇದಕ್ಕಾಗಿಯೇ. ಬೆರಳಿನಲ್ಲಿ ಎಣ್ಣೆಯ ಪಸೆ ಇರುತ್ತದೆ, ಅದಕ್ಕೆ ಧೂಳು ಅಂಟುತ್ತದೆ.

ಟೇಪು ಏಕೆ ಹಾಳಾಗುತ್ತದೆ?

ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಬೆಲ್ಲ ಏನಾಗುತ್ತದೆ? ನೀರೊಡೆದು ಅಂಟಂಟಾಗುತ್ತದೆ. ಟೇಪಿನ ಅಂಟು ಪದರವೂ ಗಾಳಿಯಲ್ಲಿನ ತೇವಾಂಶವನ್ನು ಹೀರಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ನೀರಿನ ಅಣುಗಳು ಅಂಟಿನ ಉದ್ದನೆಯ ಅಣುಸರಪಳಿಗಳನ್ನು ತುಂಡರಿಸುತ್ತವೆ. ಇದಕ್ಕೆ ಜಲವಿಭಜನೆ ಎನ್ನುತ್ತಾರೆ. ಇದು ಹೆಚ್ಚಾದ ಟೇಪಿನಲ್ಲಿ ಅಂಟು ಜಿಗುಟಾಗುತ್ತದೆ. ಅಂಥ ಟೇಪನ್ನು ಓಡಿಸಿದರೆ ಕೀಚಲು ಸದ್ದು ಬರುತ್ತದೆ, ಕಣಗಳು ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತವೆ. ಕಣ ಹೋದರೆ ಚಿತ್ರ ಹೋದಂತೆ. ಅದನ್ನು ಯಾವ ಕಂಪ್ಯೂಟರೂ ಮರಳಿ ತರಲಾರದು.

ಎರಡನೆಯ ಶತ್ರು ಬೂಷ್ಟು. ಇದು ಒಂದು ಬಗೆಯ ಶಿಲೀಂಧ್ರ. ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚರ್ಮದ ಚಪ್ಪಲಿ, ಬೆಲ್ಟುಗಳ ಮೇಲೆ ಬೂಷ್ಟು ಬರುವುದನ್ನು ನೋಡಿದ್ದೀರಲ್ಲವೆ? ಕ್ಯಾಸೆಟ್ಟಿನ ಸುರುಳಿಯ ಮೇಲೂ ಅದು ಬಿಳಿಯ ಪುಡಿಯಂತೆ, ಜೇಡರ ಬಲೆಯ ಎಳೆಯಂತೆ ಬೆಳೆಯುತ್ತದೆ. ಸುತ್ತುಗಳನ್ನು ಒಂದಕ್ಕೊಂದು ಅಂಟಿಸಿಬಿಡುತ್ತದೆ.

ಮೂರನೆಯದು ಬಿಸಿಲು ಮತ್ತು ಸೆಕೆ. ಹೆಂಚಿನ ಅಥವಾ ಶೀಟಿನ ಮಾಡಿನ ಕೆಳಗಿನ ಅಟ್ಟ ಬೇಸಿಗೆಯಲ್ಲಿ ಕಾದ ಕಾವಲಿಯಂತಾಗುತ್ತದೆ. ಟೇಪು ಹಿಗ್ಗಿ, ತಣಿದಾಗ ಕುಗ್ಗಿ, ಸುಕ್ಕುಗಟ್ಟುತ್ತದೆ.

ನಾಲ್ಕನೆಯದು ಯಂತ್ರದ ಕೊರತೆ. ಕೊನೆಯವರೆಗೂ ವಿ.ಸಿ.ಆರ್. ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ಈಗ ಉಳಿದಿರುವುದು ಹಳೆಯ ಯಂತ್ರಗಳು ಮಾತ್ರ. ಟೇಪು ಚೆನ್ನಾಗಿದ್ದರೂ ಓದುವ ಯಂತ್ರವಿಲ್ಲದಿದ್ದರೆ ಏನು ಪ್ರಯೋಜನ? ಇದೇ ಆತಂಕದಿಂದ ಯುನೆಸ್ಕೋ ಸಂಸ್ಥೆ 2019ರಲ್ಲಿ 'ಮ್ಯಾಗ್ನೆಟಿಕ್ ಟೇಪ್ ಅಲರ್ಟ್' ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಎಚ್ಚರಿಕೆ ನೀಡಿತು.

ನಿಮಗೆ ಗೊತ್ತೆ?
• ಜರ್ಮನಿಯ ಫ್ರಿಟ್ಜ್ ಫ್ಲ್ಯೂಮರ್ 1928ರಲ್ಲಿ ಕಾಗದದ ಪಟ್ಟಿಗೆ ಅಯಸ್ಕಾಂತೀಯ ಪುಡಿಯನ್ನು ಲೇಪಿಸಿ ಧ್ವನಿಮುದ್ರಣದ ಟೇಪು ತಯಾರಿಸಿದರು.
• ಅಮೆರಿಕದ ಆಂಪೆಕ್ಸ್ ಕಂಪನಿ 1956ರಲ್ಲಿ ವಿಡಿಯೋ ದಾಖಲಿಸುವ ಯಂತ್ರವನ್ನು ಹೊರತಂದಿತು. ಅದರ ಟೇಪಿನ ಅಗಲ ಎರಡು ಇಂಚು!
• 1969ರ ಜುಲೈನಲ್ಲಿ ಮಾನವ ಮೊದಲ ಬಾರಿಗೆ ಚಂದ್ರನ ಮೇಲೆ ನಡೆದ. ಆ ದೃಶ್ಯದ ಮೂಲ ಟೇಪುಗಳನ್ನು ಹುಡುಕಿದಾಗ ಅವು ಸಿಗಲಿಲ್ಲ. ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿರುವ ಸಾಧ್ಯತೆಯೇ ಹೆಚ್ಚು ಎಂದು ನಾಸಾ 2009ರಲ್ಲಿ ತಿಳಿಸಿತು. ದೂರದರ್ಶನದಲ್ಲಿ ಪ್ರಸಾರವಾದಾಗ ಬೇರೆಡೆ ಮಾಡಿಟ್ಟುಕೊಂಡಿದ್ದ ಪ್ರತಿಗಳಿಂದ ಆ ದೃಶ್ಯ ಉಳಿಯಿತು. ನೋಡಿದಿರಾ, ಒಂದೇ ಪ್ರತಿಯನ್ನು ನಂಬಿ ಕೂರಬಾರದು!

ಓಡಿಸುವ ಮೊದಲು ಏನು ಮಾಡಬೇಕು?

ಕ್ಯಾಸೆಟ್ ಸಿಕ್ಕಿದ ತಕ್ಷಣ ಯಂತ್ರಕ್ಕೆ ತುರುಕಬೇಡಿ. 'ಒಮ್ಮೆ ಹಾಕಿ ನೋಡೋಣ' ಎಂಬ ಆತುರದಲ್ಲಿ ಟೇಪು ಸಿಕ್ಕಿಹಾಕಿಕೊಂಡು ಹರಿದುಹೋಗಬಹುದು. ಈ ಕೆಲಸಗಳನ್ನು ಮನೆಯ ಹಿರಿಯರ ಜೊತೆಗೂಡಿ ಮಾಡಿ.

ಮೊದಲ ಕೆಲಸ – ಹಲ್ಲು ಮುರಿಯುವುದು. ಹೆಸರುಚೀಟಿ ಅಂಟಿಸುವ ಅಂಚಿನ ಮೂಲೆಯಲ್ಲಿ ಒಂದು ಚಿಕ್ಕ ಪ್ಲಾಸ್ಟಿಕ್ ಹಲ್ಲು ಇರುತ್ತದೆ. ಅದು ಇದ್ದರೆ ಟೇಪಿನ ಮೇಲೆ ಹೊಸದಾಗಿ ಬರೆಯಬಹುದು, ಅಂದರೆ ಹಳೆಯದು ಅಳಿಸಿಹೋಗಬಹುದು. ಹಿರಿಯರು ಸ್ಕ್ರೂಡ್ರೈವರಿನಿಂದ ಅದನ್ನು ಹೊರಮುಖವಾಗಿ ಮೀಟಿ ಮುರಿಯಲಿ. ಅಲ್ಲಿ ಈಗಾಗಲೇ ಕುಳಿ ಇದ್ದು, ಯಾರೋ ಅದಕ್ಕೆ ಅಂಟುಪಟ್ಟಿ ಹಚ್ಚಿದ್ದರೆ ಕಿತ್ತುಹಾಕಿ. ಇನ್ನು ಯಾರಾದರೂ ತಪ್ಪು ಗುಂಡಿ ಒತ್ತಿದರೂ ಚಿತ್ರ ಅಳಿಸುವುದಿಲ್ಲ.

ಎರಡನೆಯದು – ತಪಾಸಣೆ. ಹಗಲು ಬೆಳಕಿನಲ್ಲಿ ಕಿಟಕಿಯೊಳಗೆ ನೋಡಿ. ಸುರುಳಿ ನಯವಾಗಿ, ಒಂದೇ ಸಮನಾಗಿ ಇದೆಯೇ? ಬಿಳಿಯ ಪುಡಿ ಇದೆಯೇ? ಡಬ್ಬಿ ಒಡೆದಿದೆಯೇ? ಅಲುಗಿಸಿದರೆ ಒಳಗೆ ಚೂರುಗಳ ಸದ್ದು ಬರುತ್ತದೆಯೇ? ಮುಂದಿನ ರೆಕ್ಕೆಯನ್ನು ಎತ್ತಲು ಪಕ್ಕದಲ್ಲಿ ಒಂದು ಚಿಕ್ಕ ಗುಂಡಿ ಇರುತ್ತದೆ. ಅದನ್ನು ಒತ್ತಿ ರೆಕ್ಕೆ ಎತ್ತಿದರೆ ಟೇಪು ಕಾಣುತ್ತದೆ. ನೋಡಿ, ಮುಟ್ಟಬೇಡಿ.

ಬಿಳಿಯ ಬೂಷ್ಟು ಕಂಡರೆ ಅಲ್ಲಿಗೇ ನಿಲ್ಲಿಸಿ. ಮೂಗಿನ ಹತ್ತಿರ ತಂದು ಮೂಸಬೇಡಿ. ಬೂಷ್ಟಿನ ಬೀಜಕಣಗಳು ಉಸಿರಿನೊಡನೆ ಒಳಗೆ ಹೋಗಿ ತೊಂದರೆ ಕೊಡುತ್ತವೆ. ಅಂಥ ಕ್ಯಾಸೆಟ್ಟನ್ನು ಯಂತ್ರಕ್ಕೆ ಹಾಕಿದರೆ ಯಂತ್ರಕ್ಕೂ, ಆಮೇಲೆ ಹಾಕುವ ಕ್ಯಾಸೆಟ್ಟಿಗೂ ಬೂಷ್ಟು ಹರಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬೇರೆ ಕ್ಯಾಸೆಟ್ಟುಗಳಿಂದ ದೂರ ಇಡಿ. ಅದನ್ನು ಶುಚಿಗೊಳಿಸುವುದು ತಿಳಿದವರ ಕೆಲಸ.

ಮೂರನೆಯದು – ಒಣಗಿಸುವುದು. ತೇವದ ಜಾಗದಲ್ಲಿದ್ದ ಕ್ಯಾಸೆಟ್ಟನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಕೆಲವು ದಿನ ಇಡಿ. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಹರಳಿನ ಪೊಟ್ಟಣವೇ ಅದು. ಗಾಳಿಯ ತೇವವನ್ನು ಅದು ಹೀರಿಕೊಳ್ಳುತ್ತದೆ. (ಬಾಯಿಗೆ ಹಾಕಬಾರದು.) ಬಿಸಿಲಿಗೆ ಇಡುವುದು, ಒಲೆಯ ಪಕ್ಕ ಇಡುವುದು, ಬಿಸಿಗಾಳಿ ಊದುವುದು ಖಂಡಿತ ಬೇಡ.

ನಾಲ್ಕನೆಯದು – ಯಂತ್ರದ ಪರೀಕ್ಷೆ. ಹಳೆಯ ವಿ.ಸಿ.ಆರ್. ಒಳಗಿನ ರಬ್ಬರ್ ಭಾಗಗಳು ಗಟ್ಟಿಯಾಗಿ ಟೇಪನ್ನು ನುಂಗಿಬಿಡಬಹುದು. ಆದ್ದರಿಂದ ಹೆಡ್ಡುಗಳನ್ನು ಶುಚಿ ಮಾಡಿಸಿ, ಮೊದಲು ಬೇಡದ ಕ್ಯಾಸೆಟ್ ಒಂದನ್ನು ಹಾಕಿ ಓಡಿಸಬೇಕು. ಹಳೆಯ ಸಿನಿಮಾ ಕ್ಯಾಸೆಟ್ ಆದರೂ ಸರಿ. ಅದು ಸುಕ್ಕಾಗದೆ ಹೊರಬಂದರೆ ಮಾತ್ರ ನಮ್ಮ ಅಮೂಲ್ಯ ಕ್ಯಾಸೆಟ್ಟಿನ ಸರದಿ. ಯಂತ್ರದ ಮುಚ್ಚಳವನ್ನು ನೀವು ಬಿಚ್ಚಬೇಡಿ. ಒಳಗೆ ಅಪಾಯಕಾರಿ ವಿದ್ಯುತ್ತು ಇರುತ್ತದೆ.

ಐದನೆಯದು – ಸುತ್ತು ಸಡಿಲಿಸುವುದು. ಬಹುಕಾಲ ಓಡದೆ ಇದ್ದ, ಆದರೆ ನೋಡಲು ಚೆನ್ನಾಗಿರುವ ಟೇಪನ್ನು ಒಮ್ಮೆ ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿದರೆ ಬಿಗಿತ ಸಮನಾಗುತ್ತದೆ. ಸುತ್ತುವಾಗ ತಡೆದಂತೆ ಅನಿಸಿದರೆ, ಕೀಚಲು ಸದ್ದು ಬಂದರೆ ಕೂಡಲೆ ನಿಲ್ಲಿಸಿ. ಬಲವಂತ ಬೇಡ.

ಟೇಪು ಹರಿದಿದ್ದರೆ? ನಿರಾಶರಾಗಬೇಡಿ. ಹರಿದ ಜಾಗದ ಕೆಲವು ಕ್ಷಣದ ಚಿತ್ರ ಮಾತ್ರ ಹೋಗುತ್ತದೆ, ಉಳಿದದ್ದು ಸಿಗುತ್ತದೆ. ಆದರೆ ಪುಸ್ತಕಕ್ಕೆ ಹಚ್ಚುವ ಅಂಟುಪಟ್ಟಿಯಿಂದ ಸೇರಿಸಬಾರದು. ಅದರ ಅಂಟು ಹೊರಗೆ ಒಸರಿ, ತಿರುಗುವ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಟೇಪು ಬೆಸೆಯಲೆಂದೇ ತಯಾರಾದ ಪಟ್ಟಿ ಬೇರೆ ಇದೆ. ಡಬ್ಬಿ ಒಡೆದಿದ್ದರೆ, ಬಲ್ಲವರು ಸುರುಳಿಗಳನ್ನು ಹೊರತೆಗೆದು ಬೇರೊಂದು ಗಟ್ಟಿ ಡಬ್ಬಿಗೆ ಕೂಡಿಸುತ್ತಾರೆ.

ಡಿಜಿಟಲ್ ಎಂದರೇನು?

ಟೇಪಿನಲ್ಲಿ ಚಿತ್ರ ಏರಿಳಿಯುವ ಅಲೆಯ ರೂಪದಲ್ಲಿದೆ. ಕಂಪ್ಯೂಟರಿಗೆ ಅಲೆ ತಿಳಿಯದು, ಅಂಕಿ ತಿಳಿಯುತ್ತದೆ. ಅಲೆಯನ್ನು ಅಂಕಿಯಾಗಿ ಬದಲಿಸುವುದೇ ಡಿಜಿಟಲೀಕರಣ.

ಮಾಡಿ ನೋಡಿ – 2
ಗ್ರಾಫ್ ಹಾಳೆಯಲ್ಲಿ ಬೆಟ್ಟಗಳ ಸಾಲಿನಂತೆ ಒಂದು ಬಾಗುಗೆರೆ ಎಳೆಯಿರಿ. ಪ್ರತಿ ಒಂದು ಸೆಂಟಿಮೀಟರಿಗೆ ಗೆರೆ ಎಷ್ಟು ಎತ್ತರದಲ್ಲಿದೆ ಎಂದು ಅಳೆದು ಬರೆಯಿರಿ. ಚಿತ್ರ ತೋರಿಸದೆ, ಅಂಕಿಗಳನ್ನು ಮಾತ್ರ ಗೆಳತಿಗೆ ಅಥವಾ ಗೆಳೆಯನಿಗೆ ಕೊಡಿ. ಅವರು ಚುಕ್ಕಿ ಇಟ್ಟು, ಚುಕ್ಕಿಗಳನ್ನು ಸೇರಿಸಲಿ. ನಿಮ್ಮ ಬೆಟ್ಟ ಹೆಚ್ಚುಕಡಿಮೆ ಮರಳಿ ಬರುತ್ತದೆ! ಈಗ ಅರ್ಧ ಸೆಂಟಿಮೀಟರಿಗೊಮ್ಮೆ ಅಳೆದು ಮತ್ತೆ ಮಾಡಿ. ಯಾವುದು ಮೂಲಕ್ಕೆ ಹೆಚ್ಚು ಹತ್ತಿರವಾಗಿದೆ?

ಡಿಜಿಟಲ್ ಚಿತ್ರವನ್ನು ಚುಕ್ಕಿ ರಂಗೋಲಿಗೆ ಹೋಲಿಸಬಹುದು. ಪಾಲ್ ಪದ್ಧತಿಯ ವಿಡಿಯೋವನ್ನು ಡಿಜಿಟಲ್ ಮಾಡಿದಾಗ ಒಂದು ಚಿತ್ರದಲ್ಲಿ ಅಡ್ಡಕ್ಕೆ 720, ಉದ್ದಕ್ಕೆ 576 ಚುಕ್ಕಿಗಳಿರುತ್ತವೆ. ಗುಣಿಸಿದರೆ 4,14,720 ಚುಕ್ಕಿಗಳು. ಇಂಥ 25 ಚಿತ್ರಗಳು ಸೆಕೆಂಡಿಗೆ ಬೇಕು. ಒಂದು ಗಂಟೆಗೆ ಎಷ್ಟಾಯಿತು? 3,732 ಕೋಟಿಗೂ ಹೆಚ್ಚು! ಈ ಮಾಹಿತಿಯನ್ನು ಇದ್ದಂತೆಯೇ ಇಟ್ಟರೆ ಗಂಟೆಗೆ ಸುಮಾರು 75 ಜಿ.ಬಿ. ಜಾಗ ಬೇಕು. ಆದ್ದರಿಂದ ಅದನ್ನು ಅಡಕಗೊಳಿಸುತ್ತಾರೆ. ಡಿ.ವಿ. ಎಂಬ ವಿಧಾನದಲ್ಲಿ ಗಂಟೆಗೆ ಸುಮಾರು 13 ಜಿ.ಬಿ. ಸಾಕು. ಇನ್ನೂ ಹೆಚ್ಚು ಅಡಕಗೊಳಿಸಬಹುದು, ಆದರೆ ಅತಿಯಾದರೆ ಚಿತ್ರ ಚೌಕ ಚೌಕವಾಗಿ ಮಸುಕಾಗುತ್ತದೆ.

ಡಿಜಿಟಲ್ ರೂಪದ ದೊಡ್ಡ ಲಾಭ ಯಾವುದು ಗೊತ್ತೆ? ಒಂದು ಚಿತ್ರದ ಮೇಲೆ ತೆಳು ಹಾಳೆ ಇಟ್ಟು ನಕಲು ಮಾಡಿ. ಆ ನಕಲನ್ನು ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು ಮಾಡಿ. ಹತ್ತನೆಯ ಹೊತ್ತಿಗೆ ಮೂಗು ಎಲ್ಲೋ, ಕಣ್ಣು ಎಲ್ಲೋ! ಟೇಪಿನಿಂದ ಟೇಪಿಗೆ ನಕಲು ಮಾಡಿದಾಗಲೂ ಹೀಗೆಯೇ ಆಗುತ್ತದೆ. ಆದರೆ 47, 52, 60 ಎಂಬ ಅಂಕಿಗಳನ್ನು ತಪ್ಪಿಲ್ಲದೆ ನೂರು ಸಲ ನಕಲು ಮಾಡಿದರೂ ಅವು 47, 52, 60 ಆಗಿಯೇ ಇರುತ್ತವೆ.

ಆ ಒಂದು ಓಟ

ವಿ.ಸಿ.ಆರ್. ಹಿಂಬದಿಯಿಂದ ಮೂರು ಬಣ್ಣದ ತಂತಿಗಳು ಹೊರಡುತ್ತವೆ. ಹಳದಿ ಚಿತ್ರಕ್ಕೆ, ಬಿಳಿ ಮತ್ತು ಕೆಂಪು ಧ್ವನಿಗೆ. ಧ್ವನಿಯ ಕಿಂಡಿ ಒಂದೇ ಇದ್ದರೆ ಬಿಳಿಯದನ್ನು ಅದಕ್ಕೆ ಸಿಕ್ಕಿಸುತ್ತಾರೆ. ಈ ತಂತಿಗಳು ಅಲೆಯನ್ನು ಅಂಕಿಯಾಗಿಸುವ ಒಂದು ಪುಟ್ಟ ಸಾಧನಕ್ಕೆ ಹೋಗುತ್ತವೆ. ಅಲ್ಲಿಂದ ಯು.ಎಸ್.ಬಿ. ಮೂಲಕ ಕಂಪ್ಯೂಟರಿಗೆ.

ಹಿಗ್ಗಿದ ಟೇಪಿನಲ್ಲಿ ಚಿತ್ರದ ಗೆರೆಗಳು ಒಂದು ಹಿಂದೆ, ಒಂದು ಮುಂದೆ ಶುರುವಾಗುತ್ತವೆ. ಪ್ರಾರ್ಥನೆಯ ಸಾಲಿನಲ್ಲಿ ಮಕ್ಕಳು ವಕ್ರವಾಗಿ ನಿಂತಂತೆ! ದೈಹಿಕ ಶಿಕ್ಷಕರು ಸೀಟಿ ಊದಿ ಸಾಲು ನೇರ ಮಾಡುವ ಹಾಗೆ ಈ ಗೆರೆಗಳನ್ನು ಸಾಲಾಗಿಸುವ ಸಾಧನವೂ ಇದೆ. ಅದರ ಹೆಸರು ಟೈಮ್ ಬೇಸ್ ಕರೆಕ್ಟರ್. ದುರ್ಬಲ ಟೇಪಿಗೆ ಅದು ಬಹಳ ಸಹಾಯಕ.

ಓಟದ ದಿನ ಗಮನಿಸಬೇಕಾದ ಅಂಶಗಳು:

• ಬೇಡದ ಕ್ಯಾಸೆಟ್ ಹಾಕಿ ಐದು ನಿಮಿಷ ದಾಖಲಿಸಿ ನೋಡಿ. ಚಿತ್ರ, ಧ್ವನಿ ಎರಡೂ ಕಂಪ್ಯೂಟರಿನಲ್ಲಿ ಬಂದಿವೆಯೇ ಪರೀಕ್ಷಿಸಿ.
• ಕಂಪ್ಯೂಟರಿನಲ್ಲಿ ಸಾಕಷ್ಟು ಜಾಗ ಇದೆಯೇ ನೋಡಿ. ಬೇರೆ ಕೆಲಸಗಳನ್ನು ಮುಚ್ಚಿ. ಅದು ನಡುವೆ ತಾನಾಗಿ ನಿದ್ರೆಗೆ ಜಾರದಂತೆ ಹೊಂದಿಸಿ.
• ವಿದ್ಯುತ್ ಹೋಗದ ಹೊತ್ತನ್ನು ಆರಿಸಿಕೊಳ್ಳಿ, ಅಥವಾ ಯು.ಪಿ.ಎಸ್. ಬಳಸಿ. ನಡುವೆ ಕರೆಂಟು ಹೋದರೆ ಟೇಪು ಡ್ರಮ್ಮಿಗೆ ಸುತ್ತಿಕೊಂಡ ಸ್ಥಿತಿಯಲ್ಲೇ ನಿಲ್ಲುತ್ತದೆ. ಕ್ಯಾಸೆಟ್ಟನ್ನು ಎಳೆಯಬೇಡಿ. ಕರೆಂಟು ಬಂದ ಮೇಲೆ ಯಂತ್ರವೇ ಅದನ್ನು ಹೊರಹಾಕಲಿ.
• ಮೊದಲು ಕಂಪ್ಯೂಟರಿನಲ್ಲಿ ದಾಖಲಿಸಲು ಶುರುಮಾಡಿ. ಆಮೇಲೆ ವಿ.ಸಿ.ಆರ್. ಓಡಿಸಿ. ಆಗ ಆರಂಭದ ಒಂದು ಕ್ಷಣವೂ ತಪ್ಪುವುದಿಲ್ಲ.
• ಚಿತ್ರದಲ್ಲಿ ಗೀರುಗಳ ಪಟ್ಟೆ ಕಂಡರೆ 'ಟ್ರ್ಯಾಕಿಂಗ್' ಗುಂಡಿಯಿಂದ ಸರಿಪಡಿಸಿ. ಇದರಿಂದ ಹೆಡ್ಡು ಓರೆಗೆರೆಯ ಮೇಲೆ ಸರಿಯಾಗಿ ಹಾಯುತ್ತದೆ.
• ನಡುವೆ ಚಿತ್ರವನ್ನು ತಡೆದು ನಿಲ್ಲಿಸಬೇಡಿ. ಟೇಪು ನಿಂತರೂ ಡ್ರಮ್ಮು ತಿರುಗುತ್ತಲೇ ಇರುತ್ತದೆ. ಒಂದೇ ಜಾಗವನ್ನು ಹೆಡ್ಡು ಉಜ್ಜಿ ಉಜ್ಜಿ ಸವೆಸುತ್ತದೆ.
• ಚಿತ್ರ ಪೂರ್ತಿ ಮಾಯವಾಗಿ ಗೀರುಗಳೇ ತುಂಬಿದರೆ, ಕೀಚಲು ಸದ್ದು ಬಂದರೆ ತಕ್ಷಣ ನಿಲ್ಲಿಸಿ ಕ್ಯಾಸೆಟ್ ಹೊರತೆಗೆಯಿರಿ. ಹೆಡ್ಡು ಶುಚಿಯಾದ ಮೇಲೆ ಮುಂದಿನ ಮಾತು.
• ಕೊನೆಯವರೆಗೂ ಓಡಲಿ. ಖಾಲಿ ಎನಿಸಿದ ಭಾಗದ ನಂತರವೂ ಏನಾದರೂ ಇರಬಹುದು.

ಮೂರು ಗಂಟೆಯ ಕ್ಯಾಸೆಟ್ಟಿಗೆ ಮೂರು ಗಂಟೆಯೇ ಬೇಕು. ಅಡ್ಡದಾರಿ ಇಲ್ಲ.

ಮನೆಯಲ್ಲಿ ಯಂತ್ರ ಇಲ್ಲವೇ? ಊರಿನ ಅಥವಾ ಪಟ್ಟಣದ ವಿಡಿಯೋ ಅಂಗಡಿಗಳಲ್ಲಿ ಕೆಲವರು ಈ ಕೆಲಸ ಮಾಡಿಕೊಡುತ್ತಾರೆ. ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಹೆಡ್ಡುಗಳನ್ನು ಶುಚಿ ಮಾಡಿದ್ದೀರಾ? ಬೂಷ್ಟು ಇದ್ದರೆ ಏನು ಮಾಡುತ್ತೀರಿ? ಎಷ್ಟು ಅಡಕಗೊಳಿಸುತ್ತೀರಿ? ಮೂಲ ಕ್ಯಾಸೆಟ್ ವಾಪಸು ಕೊಡುತ್ತೀರಾ? ಅಮೆರಿಕದಲ್ಲಿರುವ ನೆಂಟರು ಕಳಿಸಿದ ಕ್ಯಾಸೆಟ್ ಆಗಿದ್ದರೆ ಅದನ್ನೂ ತಿಳಿಸಿ. ಅಲ್ಲಿನ ಎನ್.ಟಿ.ಎಸ್.ಸಿ. ಪದ್ಧತಿ ನಮ್ಮ ಪಾಲ್ ಪದ್ಧತಿಗಿಂತ ಬೇರೆ. ಎರಡನ್ನೂ ಓದಬಲ್ಲ ಯಂತ್ರ ಬೇಕು.

ಡಿಜಿಟಲ್ ಆದ ಮೇಲೆ

ಕೆಲಸ ಇನ್ನೂ ಮುಗಿದಿಲ್ಲ. ಹಾರ್ಡ್ ಡಿಸ್ಕು, ಪೆನ್ ಡ್ರೈವುಗಳೂ ಕೆಡುತ್ತವೆ. ಆದ್ದರಿಂದ ಮೂರು ಪ್ರತಿ ಇಡಿ. ಅವು ಎರಡು ಬೇರೆ ಬೇರೆ ಬಗೆಯ ಸಾಧನಗಳಲ್ಲಿರಲಿ. ಒಂದು ಪ್ರತಿ ಬೇರೆ ಊರಿನ ನೆಂಟರ ಮನೆಯಲ್ಲಿರಲಿ. ವರ್ಷಕ್ಕೊಮ್ಮೆ ತೆರೆದು ನೋಡಿ. ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ. ಮುಂದೆ ಇನ್ನೂ ಚೆನ್ನಾಗಿ ಓದುವ ವಿಧಾನ ಬರಬಹುದು. ಅದನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ, ತಂಪಾದ ಒಣ ಜಾಗದಲ್ಲಿ, ಸ್ಪೀಕರು ಮತ್ತು ಅಯಸ್ಕಾಂತಗಳಿಂದ ದೂರ ಇಡಿ.

ಕೊನೆಯದಾಗಿ, ನೀವು ಮಾತ್ರ ಮಾಡಬಹುದಾದ ಒಂದು ಕೆಲಸವಿದೆ. ಅಜ್ಜ ಅಜ್ಜಿಯರನ್ನು ಕೂರಿಸಿಕೊಂಡು ಆ ವಿಡಿಯೋ ನೋಡಿ. ಪಕ್ಕದಲ್ಲಿ ನೋಟುಪುಸ್ತಕ ಇರಲಿ. 'ಈ ಕೆಂಪು ಸೀರೆಯವರು ಯಾರು? ಈ ಪದ ಹೇಳುತ್ತಿರುವವರು ಯಾವ ಊರಿನವರು? ಇದು ಯಾವ ವರ್ಷ?' ಎಂದು ಕೇಳಿ ಬರೆದುಕೊಳ್ಳಿ. ಯಂತ್ರ ಮುಖವನ್ನು ಉಳಿಸಬಲ್ಲದು. ಹೆಸರನ್ನು, ನೆಂಟಸ್ತಿಕೆಯನ್ನು ಉಳಿಸಬೇಕಾದವರು ನಾವು. ಹಿರಿಯರ ನೆನಪಿಗೂ ಇನ್ನೊಂದು ಪ್ರತಿ ಇಲ್ಲ. ಹಾಗೆಯೇ ವಿಡಿಯೋವನ್ನು ಬೇರೆಯವರಿಗೆ ಕಳಿಸುವ ಮೊದಲು ಅದರಲ್ಲಿರುವವರ ಒಪ್ಪಿಗೆ ಕೇಳುವುದನ್ನು ಮರೆಯಬೇಡಿ.

ಪದ ಪರಿಚಯ
ಜಲವಿಭಜನೆ – ನೀರಿನ ಅಣುಗಳು ಬೇರೊಂದು ವಸ್ತುವಿನ ಅಣುಗಳನ್ನು ಒಡೆಯುವ ಕ್ರಿಯೆ
ಶಿಲೀಂಧ್ರ – ಬೂಷ್ಟು, ಅಣಬೆ ಮುಂತಾದ ಜೀವಿಗಳ ಗುಂಪು
ವಿದ್ಯುತ್ಕಾಂತ – ವಿದ್ಯುತ್ತು ಹರಿದಾಗ ಅಯಸ್ಕಾಂತವಾಗುವ ಸುರುಳಿ
ಅಡಕಗೊಳಿಸು – ಕಡಿಮೆ ಜಾಗದಲ್ಲಿ ಹಿಡಿಯುವಂತೆ ಮಾಡು

ಅಭ್ಯಾಸ
1. ಓಡುತ್ತಿರುವ ಟೇಪನ್ನು ನಡುವೆ ತಡೆದು ನಿಲ್ಲಿಸಬಾರದು. ಏಕೆ?
2. ಟೇಪು ಸೆಕೆಂಡಿಗೆ 2.34 ಸೆಂ.ಮೀ. ಸಾಗಿದರೆ, 90 ನಿಮಿಷದ ಮದುವೆ ವಿಡಿಯೋಗೆ ಎಷ್ಟು ಮೀಟರ್ ಟೇಪು ಬೇಕು?
3. ಗಂಟೆಗೆ 13 ಜಿ.ಬಿ.ಯಂತೆ ಮೂರು ಗಂಟೆಯ ವಿಡಿಯೋ 32 ಜಿ.ಬಿ. ಪೆನ್ ಡ್ರೈವಿನಲ್ಲಿ ಹಿಡಿಯುತ್ತದೆಯೇ?
4. ನಿಮ್ಮ ಓಣಿಯಲ್ಲಿ ಎಷ್ಟು ಮನೆಗಳಲ್ಲಿ ವಿಡಿಯೋ ಅಥವಾ ಧ್ವನಿ ಕ್ಯಾಸೆಟ್ಟುಗಳಿವೆ? ಅವುಗಳಲ್ಲಿ ಏನಿದೆ, ಯಾವ ಸ್ಥಿತಿಯಲ್ಲಿವೆ? ಪಟ್ಟಿ ಮಾಡಿ ತರಗತಿಯಲ್ಲಿ ಚರ್ಚಿಸಿ.

ಉತ್ತರ: 2. ಸುಮಾರು 126 ಮೀಟರ್. 3. ಇಲ್ಲ, 39 ಜಿ.ಬಿ. ಬೇಕು.